ಮೂವತ್ತೊಂಬತ್ತರ ಆಟಗಾರ

ಅಮೆರಿಕದ ಓಹಾಯೋ ರಾಜ್ಯದ ಸರೋವರದ ದಂಡೆಯ ಊರೊಂದರಲ್ಲಿ ನಲವತ್ತು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿದ್ದ ಆರ್ವಿಲ್ ಟಬ್ಸ್‌ಗೆ ಆ ಸುದ್ದಿ ಕೇಳಿ ಮೈ ಉರಿದುಹೋಯಿತು. ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಇಬ್ಬರು ಎಳೆಯ ಆಟಗಾರರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು, ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದ ಮೂವತ್ತೊಂಬತ್ತರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವ ಆಟಗಾರ, ಡೆಲ್ ಹ್ಯಾವರ್ಟಿಯನ್ನು ತಂದಿತ್ತು.

"ಮಂಡಿ ಸವೆದ ಮುದುಕ ಕಣ್ರೋ! ಅವನು ಕ್ರಿಸ್‌ಮಸ್‌ವರೆಗೆ ನಿಂತರೆ ನನ್ನ ಮೀಸೆ ಬೋಳಿಸ್ಕೋತೀನಿ," ಎಂದು ಗಿರಾಕಿಗಳೆದುರು ಕೂಗಾಡಿದ.

ಹ್ಯಾವರ್ಟಿ ನಿಂತ. ಕುಂಟುತ್ತಲೇ ಹತ್ತು ಪಂದ್ಯ ಗೆಲ್ಲಿಸಿದ. ಹಳೆಯ ಗಿರಾಕಿ ಮರ್ವಿನ್ ಕತ್ತಿ ಹಿಡಿದು, "ಕೂತ್ಕೊಳಪ್ಪಾ, ಇವತ್ತು ನನ್ನ ಸರದಿ," ಎಂದು ಆ ಮೀಸೆ ತೆಗೆದ.

ಜನವರಿಯ ಒಂದು ಭಾನುವಾರ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಊರಲ್ಲಿ ನಾಕ್‌ಔಟ್ ಪಂದ್ಯ ನಡೆಯಿತು. ಆರ್ವಿಲ್ ಹಿಮದಲ್ಲಿ ಕೂತು ನೋಡಿದ. ಕೊನೇ ನಿಮಿಷದಲ್ಲಿ ಹ್ಯಾವರ್ಟಿ ಬೀಳುತ್ತಲೇ ಎಸೆದ ಚೆಂಡು ಗೆಲುವು ತಂದಾಗ, ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿಯನ್ನು ತಬ್ಬಿಕೊಂಡು ಅತ್ತೇಬಿಟ್ಟ.

ಮುಂದಿನ ವಾರ ತಂಡ ಸೋತಿತು. ಹ್ಯಾವರ್ಟಿ ಆಟ ಬಿಟ್ಟ.

"ಹುಡುಗರೂ ಹೋದ್ರು, ಮುದುಕನೂ ಹೋದ. ನಮಗೇನು ದಕ್ಕಿತೋ?" ಎಂದು ಮರ್ವಿನ್ ಕೆಣಕಿದ.

"ಆ ಒಂದು ಭಾನುವಾರ ದಕ್ಕಿತಲ್ಲೋ," ಎಂದ ಆರ್ವಿಲ್. "ಇನ್ನು ಹತ್ತು ವರ್ಷ ಸೋತರೂ ಅವನನ್ನ ಬಯ್ಯಲ್ಲ. ಪುಣ್ಯಾತ್ಮ, ನಾನು ಕಣ್ಣು ಮುಚ್ಚೋದ್ರೊಳಗೆ ಗೆಲುವು ತೋರಿಸಿಬಿಟ್ಟ."