ಉಪ್ಪಿನಲ್ಲಿ ಬಂದ ಗಂಟು

ಹದಿನೈದು ದಿನದ ಹಿಂದೆ ಅಕ್ಕ ಒಂದು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಕಲ್ಲುಪ್ಪು. ಉಪ್ಪಿನೊಳಗೆ ಭಾವನ ಕುತ್ತಿಗೆಯಿಂದ ತೆಗೆದ ಗಂಟು.

"ಇದರಲ್ಲಿದ್ದ ನೀರೆಲ್ಲಿ ಅಕ್ಕ?"

"ಚೆಲ್ಲಿದೆ ಕಣಪ್ಪ. ಕಣ್ಣು ಉರಿಯೋವಂಥ ನಾತ. ಬಸ್ಸು ತಪ್ಪಿ ಹಟ್ಟಿಗೆ ಹೋದೆ. ಕೊಳೆತುಹೋದ್ರೆ ಏನು ಗತಿ ಅಂತ, ಕುರಿ ಚರ್ಮಕ್ಕೆ ಹಾಕ್ತೀವಲ್ಲ, ಹಂಗೇ ಉಪ್ಪು ಹಾಕಿದೆ."

(ಆ ನೀರು ಫಾರ್ಮಲಿನ್. ಗಂಟು ಕೆಡದಿರಲೆಂದೇ ಹಿರಿಯೂರಿನ ಡಾಕ್ಟರು ಹಾಕಿದ್ದು.) ಚೆಲ್ಲಬೇಡಿ ಎಂದು ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಓದುವವರು ಹಟ್ಟಿಯಲ್ಲಿ ಯಾರಿದ್ದರು? ಒಬ್ಬನಿದ್ದ. ಅವನು ದುರ್ಗದ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ.

ಹಟ್ಟಿಯ ಮೊದಲ ಪದವೀಧರ ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ನಾನು ಓದಲೆಂದು ನನ್ನ ಪಾಲಿನ ಕುರಿಗಳನ್ನೂ ಕಾದವರು ಈ ಭಾವ.

ಕುತ್ತಿಗೆಯ ಗಂಟು ಏಕೆ ಊದುತ್ತದೆ? ಮೈ ರೋಗದ ಜೊತೆ ಹೋರಾಡಿದರೂ ಊದುತ್ತದೆ. ಒಂದೇ ಜಾತಿಯ ಜೀವಕೋಶ ಹಿಡಿತ ತಪ್ಪಿ ಹೆಚ್ಚಿದರೂ ಊದುತ್ತದೆ. ಎರಡನೆಯದು ಕ್ಯಾನ್ಸರ್. ಯಾವ ಗಂಟಿನೊಳಗೂ ಸಾವಿರಾರು ದುಂಡನೆ ಕೋಶ, ಕುರಿಮಂದೆಯ ಹಾಗೆ. ನಡುವೆ ಅಲ್ಲೊಂದು ಇಲ್ಲೊಂದು, ಮರದಂತೆ ಕೊಂಬೆ ಚಾಚಿದ ಕೋಶ. ಅದರ ಕೆಲಸವೇನೆಂದು ವಿಜ್ಞಾನಿಗಳು ಈಗೀಗ ಹುಡುಕುತ್ತಿದ್ದಾರೆ. ನನಗಂತೂ ಅದು ಕೈ ಚಾಚಿ ನಿಂತ ಕುರಿಗಾಹಿ. ಒಂಟಿ. ಅವನು ತನ್ನ ಜಾಗದಲ್ಲಿದ್ದು, ಮಂದೆ ಗುಂಪುಗುಂಪಾಗಿದ್ದರೆ ಧೈರ್ಯ, ಕ್ಯಾನ್ಸರ್ ಇರಲಾರದು.

ಅಕ್ಕ ತಂದ ಗಂಟಿನಲ್ಲಿ ಉಪ್ಪಿಗೆ ಎಲ್ಲ ಮುರುಟಿಹೋಗಿತ್ತು. ಏನೂ ತಿಳಿಯಲಿಲ್ಲ.

"ಇನ್ನೊಂದು ಗಂಟು ತೆಗೀಬೇಕು ಭಾವ."

"ತಗಳಪ್ಪ, ಇನ್ನೂ ನಾಕು ಅವೆ. ನಿಮ್ಮಕ್ಕನ ಕೈಗೆ ಮಾತ್ರ ಕೊಡಬ್ಯಾಡ. ಉಪ್ಪು ಆಯ್ತು, ಇನ್ನು ಖಾರ ಅರೀತಾಳೆ."

ಈ ಸಲ ಹಿರಿಯೂರಿಗೆ ನಾನೇ ಹೋದೆ. ಐಮಂಗಲ ದಾಟಿ ಬರುವ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಮೊನ್ನೆ ಸ್ಲೈಡು ಸಿದ್ಧವಾಯಿತು. ಕರೆಂಟಿರಲಿಲ್ಲ, ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸಿ ಬಿಸಿಲು ಹಿಡಿದೆ. ಎಲ್ಲಿ ನೋಡಿದರೂ ದುಂಡನೆಯವೇ, ಗಂಟಿನ ಅಂಚು ದಾಟಿ ಹೊರಗೂ. ಕೊಂಬೆಯವನನ್ನು ಮೂಲೆಮೂಲೆಯಲ್ಲಿ ಹುಡುಕಿದೆ. ಸಿಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. "ನಮ್ಮ ಹುಡುಗನೇ ನೋಡ್ತಾ ಅದಾನೆ ಬಿಡು" ಎಂದು ಭಾವ ಅಕ್ಕನಿಗೆ ಹೇಳುವುದು ಕೇಳಿಸಿತು.

ಹೋಗಿ, "ಬಣ್ಣ ಸರಿಯಾಗಿ ಹಿಡಿದಿಲ್ಲ, ಸೋಮವಾರ ಬರ್ರಿ" ಅಂದೆ. ನನ್ನ ಮಾತನ್ನು ಅನುಮಾನಿಸುವಷ್ಟು ಓದಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಪತ್ರಿಕೆಯಲ್ಲಿ ಇದನ್ನು ಓದುವ ನಿಮಗೆ ಭಾನುವಾರವೇ ಗೊತ್ತಾಯಿತು. ಓದು ಬಾರದ ಅವರಿಬ್ಬರಿಗೆ ಸೋಮವಾರ ಯಾವ ಬಾಯಲ್ಲಿ ಹೇಳಲಿ?