ಏಳು ಸೀರೆ ಒಗೆದ ದಿನ

ಎಸ್ಟೇಟಿನ ಶಿಶುವಿಹಾರಕ್ಕೆ ಆಯಾ ಆಗಿ ಸೇರಿದ ಮೊದಲ ವಾರವೇ ದೇವೀರಮ್ಮ ಒಂದು ತಪ್ಪು ಮಾಡಿದ್ದಳು. ಕಾಫಿ ಹಣ್ಣು ಕುಯ್ಯಲು ಹೋಗುವ ತಾಯಂದಿರು ಮಕ್ಕಳ ಜೋಲಿಗೆಂದು ತಂತಮ್ಮ ಹಳೆಯ ಸೀರೆ ಕೊಟ್ಟು ಹೋಗುತ್ತಿದ್ದರು. ಬೆವರು ನಾರುತ್ತವೆಂದು ಒಂದು ಮಧ್ಯಾಹ್ನ ಏಳು ಸೀರೆಗಳನ್ನೂ ಸೋಪು ಹಾಕಿ ಕುಕ್ಕಿ ಒಗೆದಳು. ಮಾರನೆಯ ದಿನ ಏಳು ಮಕ್ಕಳೂ ಸಂಜೆಯ ತನಕ ಕಣ್ಣು ಮುಚ್ಚಲಿಲ್ಲ.

"ಯಾರೇ ನಿಂಗೆ ಒಗಿ ಅಂದೋರು?" ಕೂಲಿಯವರ ಲೈನುಮನೆಯ ಮುದುಕಿಯೊಬ್ಬಳು ಬಂದು ಬೈದಳು. "ಅವ್ವ ಎಲ್ಲವ್ಳೆ ಅಂತ ಕೂಸಿಗೆ ಗೊತ್ತಾಗೋದು ಮೂಗಿಂದ ಕಣೇ. ಅವ್ವನ್ನೇ ತೊಳ್ದು ಚೆಲ್ಬುಟ್ಟಲ್ಲ!"

ಅಂದಿನಿಂದ ಇಪ್ಪತ್ತೇಳು ವರ್ಷ, ಮಗು ಒದ್ದೆ ಮಾಡಿದ ಜಾಗವನ್ನಷ್ಟೇ ತೊಳೆದು ಉಳಿದದ್ದನ್ನು ಬಿಸಿಲಿಗೆ ಹಾಕುತ್ತಿದ್ದಳು. ಪೂರಾ ಒಗೆಯಬೇಕಾದರೆ ಮೊದಲು ತಾಯಿಯ ಇನ್ನೊಂದು ಸೀರೆ ಬರಬೇಕು.

ಈ ಜನವರಿಗೆ ಕೆಲಸ ಬಿಟ್ಟಳು. ಮಗು ಎತ್ತಿಕೊಂಡು ಕೂತರೆ ಮಂಡಿ ಏಳಗೊಡುತ್ತಿರಲಿಲ್ಲ. ಅವಳ ಜಾಗಕ್ಕೆ ಬಂದ ಚಂದ್ರಿಕಾ ಸಕಲೇಶಪುರದಲ್ಲಿ ತರಬೇತಿ ಪಡೆದ ಹುಡುಗಿ. ಕೊನೆಯ ವಾರವೆಲ್ಲ ದೇವೀರಮ್ಮ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಕೇಳಲಿ ಎಂದು ಕಾದಳು. ಹುಡುಗಿ ಕೇಳಲಿಲ್ಲ. ತಾನೇ ಬಾಯಿಬಿಟ್ಟಾಗ,

"ನಂಗೆ ಟ್ರೈನಿಂಗ್ ಆಗೈತೆ ಕಣಮ್ಮ. ನೀವು ಆರಾಮಾಗಿ ಹೋಗಿ," ಅಂದಳು. ಕೊಬ್ಬಿನ ಮಾತಲ್ಲ, ನಗುತ್ತಲೇ ಅಂದಿದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಕೊನೆಯ ದಿನ ಸಂಜೆ ಬೀಗದ ಕೈ ಕೊಟ್ಟು ಲೈನಿನ ತನ್ನ ಕೋಣೆಗೆ ಬಂದಳು.

ಮರುದಿನ ಹತ್ತೂವರೆಗೆ ಚೀಲ ಹಿಡಿದು ಎಸ್ಟೇಟಿನ ಗೇಟಿನ ಬಳಿ, ಹತ್ತಿರದ ತನ್ನೂರು ಹೊಸಕೋಟೆಗೆ ಹೋಗುವ ಬಸ್ಸಿಗೆ ನಿಂತಿದ್ದಳು. ಶಿಶುವಿಹಾರದ ಮುಂದಿನ ತಂತಿಯ ಮೇಲೆ ಸೀರೆಗಳೆಲ್ಲ ನೀರು ತೊಟ್ಟಿಕ್ಕುತ್ತಿದ್ದವು. ಒಳಗೆ, ಹಣ್ಣು ಕುಯ್ಯಲು ಹೋದ ಶಿವಲೀಲಾಳ ಎಂಟು ತಿಂಗಳ ಮಗು ಅಳುತ್ತಿತ್ತು. ಹಸಿವಿನ ಅಳು ನಿಂತು ನಿಂತು ಬರುತ್ತದೆ. ಇದು ಎಡೆಬಿಡದ ಅಳು.

ಇನ್ನು ಅದು ತನ್ನ ಕೆಲಸವಲ್ಲ ಎಂದುಕೊಂಡಳು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಮಗು ಉಸಿರು ಕಟ್ಟಿ ಮತ್ತೆ ಚೀರಿತು.

ಚೀಲವನ್ನು ಗೇಟಿನೊಳಗಿಟ್ಟು, ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿದಳು. ಶಿವಲೀಲಾ ಹಣ್ಣು ಕುಯ್ಯುತ್ತಿದ್ದಳು.

"ತಲೆಗೆ ಕಟ್ಟಿರೋ ಬಟ್ಟೆ ಬಿಚ್ಕೊಡವ್ವ."

"ಯಾಕ್ ದೇವೀರತ್ತೆ? ಬಸ್ಸು ಹೋಗ್ಬುಡ್ತಲ್ಲ!"

"ಹೋಗ್ಲಿ ಬುಡು. ನಿನ್ ಮಗ್ಳು ನಿನ್ನ ಹುಡುಕ್ತಾವ್ಳೆ."

ಚಂದ್ರಿಕಾ ಮಗುವನ್ನು ಹೆಗಲಿಗೆ ಹಾಕಿಕೊಂಡು ತಾನೂ ಅಳುವಂತಾಗಿದ್ದಳು. ದೇವೀರಮ್ಮ ಕೂಸನ್ನು ಎತ್ತಿಕೊಳ್ಳಲಿಲ್ಲ. ಬಟ್ಟೆಯನ್ನು ಹುಡುಗಿಯ ಹೆಗಲ ಮೇಲೆ, ಮಗುವಿನ ಕೆನ್ನೆಯಡಿಗೆ ಹಾಸಿದಳು. ಮಗು ಮೂಗು ಉಜ್ಜಿತು, ಬಿಕ್ಕಿತು, ಸುಮ್ಮನಾಯಿತು.

"ಇದನ್ನ ಯಾರೂ ಹೇಳ್ಕೊಡ್ಲಿಲ್ಲ ಕಣಮ್ಮ," ಎಂದಳು ಚಂದ್ರಿಕಾ.

"ನಂಗೂ ಹೇಳಿರ್ಲಿಲ್ಲ. ಏಳೂ ಒಗ್ದಾಕಿದ್ದೆ."

ಮುಂದಿನ ಬಸ್ಸು ಎರಡು ಗಂಟೆಗೆ. ಗೇಟಿನ ಕಲ್ಲಿನ ಮೇಲೆ ಒಬ್ಬಳೇ ಕೂತು ಕಾದಳು. ಹೊಸಕೋಟೆಯ ಮನೆಯ ಬೀಗ ತೆಗೆದಾಗ ಬಿಸಿಲು ಇನ್ನೂ ಇತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷ. ಸೂತಕ ಕಳೆಯುವ ದಿನ ನೆಂಟರು ಮನೆಯ ಬಟ್ಟೆಯನ್ನೆಲ್ಲ ಹೊತ್ತುಕೊಂಡು ಹೋಗಿ ಒಗೆದು ತಂದಿದ್ದರು. ಒಗೆದರೆ ಏನು ಹೋಗುತ್ತದೆಂದು ಅವಳಿಗೆ ಆಗಲೇ ಗೊತ್ತಿತ್ತು. ಆದರೂ ಒಂದನ್ನಾದರೂ ಬಿಡಿ ಎನ್ನಲು ಬಾಯಿ ಬಂದಿರಲಿಲ್ಲ.

ಪೆಟ್ಟಿಗೆ ತೆರೆದು ಅವನ ಪಂಚೆಯನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆಯೂ ಹೋಗಿತ್ತು.