ಟೇಪಣ್ಣ ನಿಲ್ಲಿಸಿದ ಸದ್ದು

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ ಇಡುವ ಆ ಗ್ರಂಥಾಲಯದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಟೇಪಣ್ಣ. ಹತ್ತನೆಯ ತರಗತಿ ಮುಗಿಸಿ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯೊಂದರಲ್ಲಿ ಕೂತವನು. ಕ್ಯಾಸೆಟ್ಟುಗಳ ಕಾಲ ಮುಗಿದಾಗ ಅಂಗಡಿಯೂ ಮುಗಿಯಿತು. ಗ್ರಂಥಾಲಯದವರು ತಮ್ಮ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡು ಎಂದು ಆರು ತಿಂಗಳ ಮಟ್ಟಿಗೆ ಕರೆದರು. ಹೋದವನು ಹದಿನಾಲ್ಕು ವರ್ಷವಾದರೂ ಅಲ್ಲೇ ಇದ್ದ. ಈಗ ಅವನಿಗೆ ಐವತ್ತಮೂರು.

ಕಂಪ್ಯೂಟರನ್ನು ಅವನಿಗೆ ಯಾರೂ ಕಲಿಸಲಿಲ್ಲ. ಬಿಚ್ಚಿ ನೋಡಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತ. ಅವನ ಹೆಮ್ಮೆಯೂ ಅದೇ, ಅಂಜಿಕೆಯೂ ಅದೇ. 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಲ್ಲಿ ಹೊರಡುತ್ತಿರಲಿಲ್ಲ. ಸರ್ಟಿಫಿಕೇಟು ಇದ್ದವನು ಗೊತ್ತಿಲ್ಲ ಎಂದರೆ ಅದು ವಿನಯ, ಇಲ್ಲದವನು ಎಂದರೆ ಅದು ತಪ್ಪೊಪ್ಪಿಗೆ ಪತ್ರ ಎಂದು ಅವನ ಲೆಕ್ಕ.

ಐದು ವರ್ಷದ ಹಿಂದೆ, ಧ್ವನಿಮುದ್ರಣಗಳನ್ನೆಲ್ಲ ತುಂಬಿಡುವ ಸರ್ವರ್ ಆರಿಸಿ ತಂದದ್ದು ಅವನೇ, ಅದರಲ್ಲಿ ರೇಡ್ ಕಟ್ಟಿದ್ದೂ ಅವನೇ. ನಾಲ್ಕು ಹಾರ್ಡ್ ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಹೂಡುವ ಏರ್ಪಾಡು ಅದು. ಒಂದು ಕೈಕೊಟ್ಟರೆ, ಉಳಿದ ಮೂರರಲ್ಲಿ ಇರುವುದನ್ನು ತಾಳೆ ಹಾಕಿ ಕಾಣೆಯಾದದ್ದನ್ನು ಯಂತ್ರವೇ ಕಂಡುಹಿಡಿಯುತ್ತದೆ. ಗ್ರಂಥಾಲಯದ ಸೆಕ್ರೆಟರಿಗೆ ಇದನ್ನು ಅವನು ಆಗಲೇ ವಿವರಿಸಿದ್ದ. ಅವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಆರನೆಯ ವಯಸ್ಸಿನಿಂದ ಕಣ್ಣಿಲ್ಲದವರು.

"ಅಂದ್ರೆ ಮಂಚದ ಹಾಗೆ," ಎಂದಿದ್ದರು ಸೆಕ್ರೆಟರಿ. "ಒಂದು ಕಾಲು ಮುರಿದ್ರೆ ಇಟ್ಟಿಗೆ ಇಟ್ಕೊಂಡು ಮಲಗಬಹುದು."

"ಇಟ್ಟಿಗೇನೂ ಬೇಡ ಸರ್. ಮುರಿದದ್ದೇ ಗೊತ್ತಾಗಲ್ಲ."

"ಎರಡು ಮುರಿದ್ರೆ?"

"ಎರಡು ಯಾಕೆ ಮುರಿಯುತ್ತೆ ಸರ್?"

"ಆದ್ರೂ, ಇನ್ನೊಂದು ಪ್ರತಿ ಬೇರೆ ಕಡೆ ಇಟ್ರೆ ಒಳ್ಳೇದಲ್ವೇನೋ?"

"ಇದು ಇರೋವಾಗ ಅದ್ಯಾಕೆ ಸರ್. ಕೊಡೆ ಮೇಲೊಂದು ಕೊಡೆ ಹಿಡಿದ ಹಾಗೆ."

ರೇಡ್ ಎನ್ನುವುದು ಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಉಪಾಯವೇ ಹೊರತು ಇನ್ನೊಂದು ಪ್ರತಿಯಲ್ಲ ಎಂಬುದು ಈ ಕಸುಬಿನ ಮೊದಲ ಪಾಠ. ಟೇಪಣ್ಣ ಎರಡನೆಯ ಪಾಠದಿಂದ ಶುರುಮಾಡಿದವನು. ಸೆಕ್ರೆಟರಿ ಅವನ ಮಾತು ನಂಬಿದರು. ಅವನ ಮಾತು ನಂಬುವುದು ಅಲ್ಲಿ ಅಭ್ಯಾಸವಾಗಿತ್ತು. ಕಚೇರಿಯಲ್ಲಿ ನಿತ್ಯ ಇರುವವರು ನಾಲ್ಕು ಜನ. ಸೆಕ್ರೆಟರಿ, ಧ್ವನಿಮುದ್ರಣವನ್ನು ಕೇಳಿ ತಪ್ಪು ಹಿಡಿಯುವ ಇಬ್ಬರು, ಮತ್ತು ಟೇಪಣ್ಣ. ಅವರಲ್ಲಿ ಕಣ್ಣಿದ್ದವನು ಅವನೊಬ್ಬನೇ.

ಒಂದು ಸೋಮವಾರ ಸರ್ವರ್ ಪೆಟ್ಟಿಗೆ ಕೀಚಲು ದನಿಯಲ್ಲಿ ಕೂಗತೊಡಗಿತು. ಪರದೆಯಲ್ಲಿ ನೋಡಿದರೆ, ಒಂದು ಡಿಸ್ಕನ್ನು ಯಂತ್ರ ಹೊರಗಿಟ್ಟಿತ್ತು. ಉಳಿದ ಮೂರರ ಮೇಲೆ ಕೆಲಸವೇನೋ ನಡೆಯುತ್ತಿತ್ತು. ಟೇಪಣ್ಣ ಗಾಬರಿಯಾಗಲಿಲ್ಲ. ಹೊಸ ಡಿಸ್ಕು ತರಿಸಿದ. ಪೊಟ್ಟಣ ಬಿಚ್ಚಿ, ಟ್ರೇಗೆ ಸ್ಕ್ರೂ ಹಾಕಿ ಒಳಗೆ ತಳ್ಳಿದರೆ ಅದು ಕೂರಲಿಲ್ಲ. ತಿರುಗಿಸಿ ಮೂತಿ ನೋಡಿದ. ಡಿಸ್ಕುಗಳಲ್ಲಿ ಸಾಟಾ, ಸ್ಯಾಸ್ ಎಂದು ಎರಡು ಜಾತಿ. ಸಾಟಾ ಡಿಸ್ಕಿನ ಮೂತಿಯಲ್ಲಿ ಎರಡು ಸಾಲು ಪಿನ್ನುಗಳ ನಡುವೆ ಒಂದು ಸಣ್ಣ ಕಂಡಿ ಇರುತ್ತದೆ. ಸ್ಯಾಸ್ ಡಿಸ್ಕಿನಲ್ಲಿ ಆ ಕಂಡಿ ಮುಚ್ಚಿರುತ್ತದೆ. ಸ್ಯಾಸ್ ಯಂತ್ರದಲ್ಲಿ ಸಾಟಾ ಡಿಸ್ಕು ಕೂರುತ್ತದೆ, ಸಾಟಾ ಯಂತ್ರದಲ್ಲಿ ಸ್ಯಾಸ್ ಡಿಸ್ಕು ಕೂರುವುದಿಲ್ಲ. ಇವರ ಯಂತ್ರ ಸಾಟಾ, ಅವನು ತರಿಸಿದ್ದು ಸ್ಯಾಸ್.

ತಪ್ಪು ದೊಡ್ಡದಲ್ಲ. ವಾಪಸು ಕಳಿಸಿ ಬೇರೆ ತರಿಸಿದರೆ ಮುಗಿಯುತ್ತಿತ್ತು. ಆದರೆ ಹಿಂದಿನ ತಿಂಗಳ ಸಭೆಯಲ್ಲಷ್ಟೇ ಅವನು ಎದ್ದು ನಿಂತು, ಸಾಟಾ ಎಂದರೇನು, ಸ್ಯಾಸ್ ಎಂದರೇನು ಎಂದು ಗ್ರಂಥಾಲಯದ ಸಮಿತಿಯವರಿಗೆ ಅರ್ಧ ಗಂಟೆ ಹೇಳಿದ್ದ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದ್ದ. ಈಗ ಮೂತಿ ತಪ್ಪಿತು ಎಂದು ಯಾವ ಮೂತಿ ಹೊತ್ತು ಹೇಳುವುದು? ಆ ಡಿಸ್ಕನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಯಾರಿಗೂ ಹೇಳದೆ ಇನ್ನೊಂದಕ್ಕೆ ಬರೆದ. ಅದು ಬರಲು ಎರಡೂವರೆ ವಾರ ಎಂದರು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಸೆಕ್ರೆಟರಿ ಕೂಗಿದರು, "ಅದೇನಪ್ಪ ಅದು ಟೇಪಣ್ಣ, ಮೂರು ದಿನದಿಂದ ಹಸಿದ ಕೂಸಿನ ಹಾಗೆ ಅಳ್ತಾ ಇದೆ? ಹಾಲು ಕುಡಿಸಯ್ಯ ಅದಕ್ಕೆ."

ಸದ್ದನ್ನು ಮಾತ್ರ ನಿಲ್ಲಿಸುವ ಗುಂಡಿ ಪರದೆಯಲ್ಲಿ ಇತ್ತು. ಟೇಪಣ್ಣ ಅದನ್ನು ಒತ್ತಿದ.

"ನಿಂತಿತಲ್ಲ! ಸರಿಹೋಯ್ತೇನು?"

"ಹೋಯ್ತು ಸರ್."

ಒಂದು ಕ್ಷಣದ ಮಾತು. ಹೇಳಿ ಮುಗಿದ ಮೇಲೆ ಅವನು ಪೆಟ್ಟಿಗೆಯತ್ತ ನೋಡಿದ. ಅದರ ಹಣೆಯ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸುವ ಗುಂಡಿ ಇರಲಿಲ್ಲ. ಆರಿಸಬೇಕಾದ ಅಗತ್ಯವೂ ಇರಲಿಲ್ಲ. ಕಿವಿಯಿಂದಲೇ ಬದುಕುವ ಮೂವರ ನಡುವೆ ಅವನು ಸದ್ದನ್ನು ಕಿತ್ತು ದೀಪವನ್ನು ಉಳಿಸಿದ್ದ. ಹಾಗೆ ಯೋಚಿಸಿ ಮಾಡಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಮೂರು ವಾರವೂ ಆ ಮೂಲೆಗೆ ಹೋದಾಗ ಬೆನ್ನು ತಿರುಗಿಸಿಯೇ ನಿಲ್ಲುತ್ತಿದ್ದ.

ಕೊನೆಗೆ ಒಂದು ಬುಧವಾರ ಸಂಜೆ ಸರಿಯಾದ ಡಿಸ್ಕು ಕೈಗೆ ಬಂತು. ಉಳಿದವರು ಬರುವ ಮೊದಲೇ ಕೆಲಸ ಮುಗಿಸಿಬಿಡುವ ಆತುರದಲ್ಲಿ ಅವನು ಗುರುವಾರ ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆಗೆದ. ಕೆಟ್ಟ ಡಿಸ್ಕು ಇರುವುದು ಸ್ಲಾಟ್ ಎರಡರಲ್ಲಿ ಎಂದು ಪರದೆ ಹೇಳುತ್ತಿತ್ತು. ನಾಲ್ಕು ಟ್ರೇಗಳ ಮೇಲೂ ಅವನೇ ಹಿಂದೆ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಚೀಟಿ ಅಂಟಿಸಿದ್ದ. ಎರಡರ ಚೀಟಿ ಇದ್ದ ಟ್ರೇ ಹಿಡಿದು ಎಳೆದ. ಯಂತ್ರದ ಗುಂಯ್ ದನಿ ಕುಸಿಯಿತು. ಪರದೆ ಸ್ತಬ್ಧವಾಯಿತು.

ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಅದರ ಎರಡು ಎಂದರೆ ಅವನ ಮೂರು. ಇದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಚೀಟಿ ಅಂಟಿಸುವಾಗ ಮಾತ್ರ, ಸೊನ್ನೆ ಎಂದು ಬರೆದರೆ ನೋಡಿದವರು ನಗುತ್ತಾರೆ ಎಂದುಕೊಂಡು ಒಂದರಿಂದ ಶುರುಮಾಡಿದ್ದ. ನೋಡುವವರು ಯಾರು ಎಂದು ಆಗ ಯೋಚಿಸಿರಲಿಲ್ಲ.

ಕೆಟ್ಟದ್ದು ಒಂದು, ಕಿತ್ತದ್ದು ಒಂದು. ಮಂಚ ನೆಲಕ್ಕೆ ಬಂದಿತ್ತು. ಎಳೆದದ್ದನ್ನು ಮತ್ತೆ ತಳ್ಳಿದ. ಯಂತ್ರ ಅದನ್ನು ಪರಕೀಯ ಎಂದು ಒಳಗೆ ಸೇರಿಸಿಕೊಳ್ಳಲಿಲ್ಲ. ಆರಿಸಿ ಹಾಕಿದ, ಮತ್ತೆ ಆರಿಸಿ ಹಾಕಿದ. ಎರಡು ಡಿಸ್ಕುಗಳು ಹೊರಗೇ ನಿಂತವು. ಆಮೇಲೆ ಅವನು ಮಾಡಿದ್ದನ್ನು ಆತುರ ಎನ್ನಲಾಗದು. ಯಂತ್ರ ತನ್ನಲ್ಲಿ ನಡೆದದ್ದನ್ನೆಲ್ಲ ತಾರೀಖು, ಹೊತ್ತು ಸಮೇತ ಬರೆದಿಟ್ಟುಕೊಂಡಿದ್ದ ಲಾಗನ್ನು ತೆರೆದು, ಸಾವಧಾನವಾಗಿ ಮೇಲಿನಿಂದ ಕೆಳಗಿನವರೆಗೆ ಓದಿ, ಅಳಿಸಿದ.

ಒಂಬತ್ತೂವರೆಗೆ ಸೆಕ್ರೆಟರಿ ಬಂದಾಗ, "ಬೆಳಿಗ್ಗೆ ನೀವು ಬರೋ ಮೊದಲು ಕರೆಂಟು ಹೋಗಿ ಬಂತು ಸರ್. ಎರಡು ಡಿಸ್ಕು ಒಟ್ಟಿಗೇ ಹೋಗಿವೆ," ಎಂದ.

ಸೆಕ್ರೆಟರಿ ಕುರ್ಚಿ ತಡವಿ ಕೂತರು. "ಲೆಕ್ಕದ ಮೇಡಂದು?"

"ಎಲ್ಲಾ ಅದರಲ್ಲೇ ಸರ್."

ಲೆಕ್ಕದ ಮೇಡಂ ಎಂದರೆ, ವಾರಕ್ಕೆ ಮೂರು ದಿನ ಬಂದು ಗಣಿತದ ಪುಸ್ತಕ ಓದುತ್ತಿದ್ದ ನಿವೃತ್ತ ಉಪಾಧ್ಯಾಯಿನಿ. ಕಥೆ ಓದಲು ಯಾರಾದರೂ ಸಿಗುತ್ತಾರೆ. ಸಮೀಕರಣವನ್ನು ಕಿವಿಗೆ ಅರ್ಥವಾಗುವಂತೆ, ಆವರಣ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದು ಬಿಡಿಸಿ ಓದುವವರು ಅವರೊಬ್ಬರೇ. ಪಠ್ಯವನ್ನು ಒಂದು ವರ್ಷ ಓದಿ ಮುಗಿಸಿದ್ದರು. ಕೊನೆಯ ಅಧ್ಯಾಯಗಳು ಈ ಮೂರು ವಾರದಲ್ಲೇ ಆದದ್ದು. ಮೂವತ್ತೆಂಟು ಮಂದಿ ಕುರುಡು ವಿದ್ಯಾರ್ಥಿಗಳು ಅದಕ್ಕಾಗಿ ಕಾದಿದ್ದರು. ಪರೀಕ್ಷೆಗೆ ಹತ್ತು ದಿನವಿತ್ತು.

"ಯಾರನ್ನಾದ್ರೂ ಕರೆಸು," ಎಂದರು ಸೆಕ್ರೆಟರಿ. "ಪಾಪ, ನೀನೇನು ಮಾಡ್ತೀಯ. ಕರೆಂಟು ನಿನ್ನ ಕೈಲಿದೆಯಾ."

ಆ 'ಪಾಪ' ಎಂಬ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಸಂಜೆ ಮನೆಗೆ ಹೋದರೆ, ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆ ಎತ್ತಿ ನೋಡಿದಳು.

"ಏನ್ರೀ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಕರೆಂಟು ಹೋಗಿ ಸರ್ವರ್ ಕೆಟ್ಟಿದೆ."

"ಇವತ್ತಾ? ಇಲ್ಲಿ ಹೋಗಿರ್ಲಿಲ್ವಲ್ಲ. ಬೆಳಿಗ್ಗೆಯಿಂದ ಮಿಷಿನ್ ತುಳೀತಾನೇ ಇದ್ದೀನಿ, ದೀಪ ಮಿಣುಕಲಿಲ್ಲ."

"ಅಲ್ಲಿ ಹೋಗಿತ್ತು ಅಂದ್ನಲ್ಲ. ನಿನ್ನದೊಂದು ವಿಚಾರಣೆ."

"ಆಯ್ತಪ್ಪ, ಹೋಗಿತ್ತು," ಎಂದು ಅವಳು ದಾರ ಕಚ್ಚಿ ಹರಿದಳು. ಮತ್ತೆ ಕೇಳಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳು ಕೇಳದೆ ಬಿಟ್ಟಳೆಂದರೆ ಉತ್ತರ ಸಿಕ್ಕಿತೆಂದೇ ಅರ್ಥ. ಅವನು ಅರ್ಧ ಊಟಕ್ಕೇ ಎದ್ದ.

ಶುಕ್ರವಾರ ಹತ್ತಕ್ಕೆ, ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವ ಕೆಲಸದವಳು ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ. ಬೆನ್ನ ಚೀಲ ಇಳಿಸಿ, ನೀರು ಕೇಳಿ ಕುಡಿದು, ನೆಲದ ಮೇಲೇ ಕೂತು ಕೆಲಸಕ್ಕೆ ತೊಡಗಿದಳು. ಲೆಕ್ಕದ ಮೇಡಂ ಸುದ್ದಿ ಕೇಳಿ ಬಂದಿದ್ದರು. ಸೆಕ್ರೆಟರಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು.

"ಲಾಗ್ ಖಾಲಿ ಇದೆಯಲ್ಲ ಸರ್," ಎಂದಳು ಆಕೆ ಟೇಪಣ್ಣನಿಗೆ.

"ಕರೆಂಟು ಹೋದಾಗ ಅಳಿಸಿಹೋಗಿರಬೇಕು."

ಅವಳು ಅವನ ಮುಖ ನೋಡಿದಳು. ಕರೆಂಟು ಹೋದರೆ ಲಾಗ್ ಅಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಾಯಿತು. ಅವಳು ಜಗಳಕ್ಕೆ ಬಂದವಳಲ್ಲ.

"ಎರಡು ಡಿಸ್ಕೂ ಸುತ್ತುತ್ತಾ ಇವೆ. ಒಳ್ಳೇದು. ಈಗ ಯಾವುದು ಮೊದಲು ಹೋದದ್ದು, ಯಾವುದು ಆಮೇಲೆ?"

"ಒಟ್ಟಿಗೇ."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ ಸರ್. ಒಟ್ಟಿಗೇ ಹೋಗಿದ್ರೆ ಎರಡರಲ್ಲಿ ಯಾವುದನ್ನ ಒಳಗೆ ತಂದ್ರೂ ನಡೆಯುತ್ತೆ. ಹಿಂದೆ ಮುಂದೆ ಹೋಗಿದ್ರೆ, ಮೊದಲು ಹೋದದ್ದರಲ್ಲಿ ಹಳೇ ಬರಹ ಇರುತ್ತೆ. ಅದನ್ನ ಒಳಗೆ ತಂದ್ರೆ ಹಳೇ ಹಾಳೆ, ಹೊಸ ಹಾಳೆ ಸೇರಿಸಿ ಒಂದೇ ಪುಸ್ತಕ ಹೊಲಿದ ಹಾಗೆ. ಕಲಸುಮೇಲೋಗರ. ಆಮೇಲೆ ಬಿಡಿಸೋಕೆ ಆಗಲ್ಲ."

"ನಾಲ್ಕನ್ನೂ ಮೊದಲು ಪ್ರತಿ ಮಾಡ್ಕೊಂಡು, ಹೋಲಿಸಿ ನೋಡಿದ್ರೆ?" ಎಂದರು ಸೆಕ್ರೆಟರಿ.

"ನಮ್ಮಲ್ಲಿಗೆ ತಗೊಂಡು ಹೋಗಬೇಕು. ಸರದಿಯಲ್ಲಿ ಮೂರು ವಾರ."

"ಪರೀಕ್ಷೆ ಮುಗಿದಿರುತ್ತೆ," ಎಂದರು ಮೇಡಂ. "ಒಟ್ಟಿಗೇ ಹೋಗಿವೆ ಅಂತ ಟೇಪಣ್ಣ ಹೇಳ್ತಾ ಇದ್ದಾರಲ್ಲ, ಇಲ್ಲೇ ಮಾಡಿ."

"ಟೇಪಣ್ಣ ಹೇಳಿದ ಮೇಲೆ ಮುಗೀತು," ಎಂದರು ಸೆಕ್ರೆಟರಿ.

ಆಕೆ ಮೌಸಿನ ಮೇಲೆ ಕೈ ಇಟ್ಟಳು. "ಹಾಗಾದ್ರೆ ಮೂರನೇದನ್ನ ತಗೋತೀನಿ."

ಮೂರನೆಯದೇ ಹಳೆಯದು. ಎರಡನೆಯದನ್ನು ತೆಗೆದುಕೊಳ್ಳಿ ಎಂದಷ್ಟೇ ಹೇಳಿ, ಕಾರಣ ಹೇಳದೆ ತಪ್ಪಿಸಿಕೊಳ್ಳಬಹುದೇ ಎಂದು ಆ ಗಳಿಗೆಯಲ್ಲೂ ಟೇಪಣ್ಣನ ಬುದ್ಧಿ ಸಂದಿ ಹುಡುಕಿತು. ಹುಡುಕಿತೆಂಬುದೇ ಆಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದ ಸಂಗತಿ.

"ಅದು ಬೇಡ," ಎಂದ.

"ಯಾಕೆ?"

"ಅದು ಹೋಗಿ ಮೂರು ವಾರ ಆಯ್ತು. ಎರಡನೇದು ಹೋಗಿರ್ಲಿಲ್ಲ. ನಿನ್ನೆ ನಾನೇ ಎಳೆದೆ. ಸೊನ್ನೆಯಿಂದ ಎಣಿಸಬೇಕಿತ್ತು, ಒಂದರಿಂದ ಎಣಿಸಿದೆ."

"ಕರೆಂಟು?"

"ಹೋಗಿರ್ಲಿಲ್ಲ."

"ಲಾಗ್?"

"ನಾನೇ ಅಳಿಸಿದೆ."

ಅವಳು ಬೈಯುವಳೆಂದು ಅವನು ಕಾದ. "ಎಳೆದು ಎಷ್ಟು ಹೊತ್ತಿಗೆ ವಾಪಸ್ ಹಾಕಿದ್ರಿ? ಆಮೇಲೆ ಅದರ ಮೇಲೆ ಏನಾದ್ರೂ ಬರೆದ್ರಾ?" ಎಂದು ಕೇಳಿ, "ಒಂದು ನಿಮಿಷ, ಇಲ್ಲ" ಎಂಬ ಉತ್ತರಗಳನ್ನು ಪಡೆದು, ಪರದೆಯತ್ತ ತಿರುಗಿದಳು. ಅವಳ ಪಾಲಿಗೆ ಅದು ಬೇಕಾಗಿದ್ದ ಮಾಹಿತಿ, ತಡವಾಗಿ ಸಿಕ್ಕಿತು, ಅಷ್ಟೆ.

"ಮೂರು ವಾರ," ಎಂದರು ಸೆಕ್ರೆಟರಿ. "ಅಂದ್ರೆ ಆ ಅಳು."

"ಸದ್ದು ಮಾತ್ರ ನಿಲ್ಲಿಸಿದೆ ಸರ್. ಡಿಸ್ಕು ಸರಿಹೋಗಿರ್ಲಿಲ್ಲ."

"ಬೇರೆ ಏನಾದ್ರೂ ಗುರುತು ಇತ್ತಾ? ನನಗೆ ಗೊತ್ತಾಗದಂಥದ್ದು?"

ಇಲ್ಲ ಎಂದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. "ಮುಂದೆ ಒಂದು ಕೆಂಪು ದೀಪ ಇದೆ ಸರ್."

"ಉರೀತಿತ್ತಾ?"

"ಉರೀತಿತ್ತು."

"ಈಗಲೂ ಉರೀತಿದೆ," ಎಂದರು ಲೆಕ್ಕದ ಮೇಡಂ. ಕಟುವಾಗಿ ಅಲ್ಲ, ಪುಟದ ಮೇಲಿದ್ದದ್ದನ್ನು ಓದಿ ಹೇಳುವ ಅವರ ಎಂದಿನ ದನಿಯಲ್ಲಿ.

ಸೆಕ್ರೆಟರಿ ಜೇಬಿನಿಂದ ಕರವಸ್ತ್ರ ತೆಗೆದು ಕೈ ಒರೆಸಿಕೊಂಡು, ಮಡಚಿ ಮತ್ತೆ ಒಳಗಿಟ್ಟರು.

ಎರಡನೆಯ ಡಿಸ್ಕು ಒಳಕ್ಕೆ ಬಂತು. ಕಡತಗಳು ಪರದೆಯ ಮೇಲೆ ಸಾಲಾಗಿ ತೆರೆದುಕೊಂಡವು. ಕೊನೆಯ ಅಧ್ಯಾಯವನ್ನು ಅಲ್ಲಲ್ಲಿ ಕೇಳಿ ನೋಡಿದರು. ಮೇಡಂ ದನಿ ಸ್ವಚ್ಛವಾಗಿತ್ತು. ಡಿಸ್ಕಿನ ಕೆಲಸದವಳು ತಾನು ತಂದಿದ್ದ ಹೊರಗಿನ ಡಿಸ್ಕಿಗೆ ಎಲ್ಲವನ್ನೂ ಪ್ರತಿ ಮಾಡಲು ಹಚ್ಚಿದಳು. "ಇದು ಪೂರ್ತಿ ಆಗೋವರೆಗೂ ಯಾರೂ ಏನನ್ನೂ ಮುಟ್ಟಬೇಡಿ. ಆಮೇಲೆ ಹೊಸ ಡಿಸ್ಕು ಹಾಕೋಣ. ಸಂಜೆ ಬರ್ತೀನಿ," ಎಂದು ಚೀಲ ಏರಿಸಿ ಇನ್ನೊಂದು ಕಡೆಯ ಕೆಲಸಕ್ಕೆ ಹೊರಟಳು.

ಟೇಪಣ್ಣ ಸ್ಟೂಲಿನ ಮೇಲೆ ಕೂತ. ಕೆಲಸ ಬಿಡು ಎನ್ನುವರೇನೋ ಎಂದು ಕಾದ. ಹಾಗಂದಿದ್ದರೆ ಎದ್ದು ಹೋಗಬಹುದಿತ್ತು. ಯಾರೂ ಅನ್ನಲಿಲ್ಲ. ಮೇಡಂ ಗೋಡೆಬದಿಯ ಬೆಂಚಿನ ಮೇಲೆ ಪುಸ್ತಕ ತೆರೆದು ಕೂತರು. ಸೆಕ್ರೆಟರಿ ಬಾಗಿಲ ಬಳಿಯ ಕುರ್ಚಿ ಬಿಟ್ಟು ಏಳಲಿಲ್ಲ.

ಹನ್ನೆರಡರ ಹೊತ್ತಿಗೆ ಅವರು ಕೇಳಿದರು, "ಎಷ್ಟಾಯ್ತು?"

ಟೇಪಣ್ಣ ಪರದೆ ನೋಡಿ ಹೇಳಿದ, "ನೂರಕ್ಕೆ ಮೂವತ್ತೆರಡು ಸರ್."

ಹದಿನಾಲ್ಕು ವರ್ಷ ಅವನು ಓದಿ ಹೇಳಿದ ಪತ್ರಗಳಿಗೆ ಸಹಿ ಹಾಕಿದವರು, ಅವನು ತೋರಿಸಿದ ಜಾಗದಲ್ಲಿ ಬೆರಳಿಟ್ಟು ಸಹಿ ಹಾಕಿದವರು, ಮುಖವನ್ನು ಬೆಂಚಿನತ್ತ ತಿರುಗಿಸಿದರು.

"ಮೇಡಂ, ಸ್ವಲ್ಪ ನೋಡ್ತೀರಾ? ಎಷ್ಟಿದೆ?"

ಮೇಡಂ ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು. ಟೇಪಣ್ಣ ಸ್ಟೂಲನ್ನು ಹಿಂದಕ್ಕೆ ಸರಿಸಿ ಅವರಿಗೆ ಜಾಗ ಬಿಟ್ಟ.

"ಮೂವತ್ತೆರಡು," ಎಂದರು ಮೇಡಂ.

"ಸರಿ," ಎಂದರು ಸೆಕ್ರೆಟರಿ.

ಮೇಡಂ ಮತ್ತೆ ಬೆಂಚಿಗೆ ಹೋದರು. ಟೇಪಣ್ಣ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಮೂವತ್ತಮೂರಾಯಿತು. ಕೇಳುವ ಮೊದಲೇ ಹೇಳಬೇಕೋ ಬೇಡವೋ ತಿಳಿಯದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ.